ಡ್ರಾಯಿಂಗ್ ಬಿಡಿಸಲು ಯಾವುದು, ಸೈಟಿಗೆ ಮುಟ್ಟಿಸಲು ಯಾವುದು? ಡಿಸೈನ್ ಆಫೀಸುಗಳ ಸಾಫ್ಟ್‌ವೇರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮದೊಂದು ಪುಟ್ಟ ಡಿಸೈನ್ ಆಫೀಸು. ಆರು ಜನ ಇದ್ದೇವೆ. ಮನೆ, ಸಣ್ಣ ಅಪಾರ್ಟ್‌ಮೆಂಟ್, ಆಗೊಮ್ಮೆ ಈಗೊಮ್ಮೆ ಒಂದು ಶಾಲೆ ಅಥವಾ ಕಲ್ಯಾಣ ಮಂಟಪ. ಹೊಸದಾಗಿ ಆಫೀಸು ತೆರೆಯುವ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಬೆಲೆ ಮಾತ್ರ ಬರೆದಿಲ್ಲ. ಅದು ವರ್ಷ ವರ್ಷ ಬದಲಾಗುತ್ತದೆ, ಡೀಲರ್ ಕೊಡುವ ಕೊಟೇಶನ್ನೇ ಸರಿ. ಕೇಳುವಾಗ 18% ಜಿಎಸ್‌ಟಿ ಸೇರಿಸಿಯೇ ಕೇಳಿ.

ಡ್ರಾಫ್ಟಿಂಗ್ ಸಾಫ್ಟ್‌ವೇರ್, ಕೊಲಾಬರೇಶನ್ ಸಾಫ್ಟ್‌ವೇರ್ ಎರಡೂ ಒಂದೇನಾ?

ಬೇರೆ ಬೇರೆ. ಡ್ರಾಫ್ಟಿಂಗ್ ಸಾಫ್ಟ್‌ವೇರ್‌ನಲ್ಲಿ ಗೆರೆ ಎಳೆಯುತ್ತೇವೆ. ಆಟೋಕ್ಯಾಡ್, ಬ್ರಿಕ್ಸ್‌ಕ್ಯಾಡ್, ರೆವಿಟ್, ಆರ್ಕಿಕ್ಯಾಡ್ ಇವೆಲ್ಲ ಆ ಸಾಲಿನವು. ಆ ಡ್ರಾಯಿಂಗ್ ಯಾರ ಕೈಗೆ ಹೋಯಿತು, ಯಾವ ರಿವಿಷನ್ (ತಿದ್ದಿದ ಪ್ರತಿ) ಹೋಯಿತು, ಯಾರು ಏನು ಡೌಟ್ ಕೇಳಿದರು, ಯಾರು ಒಪ್ಪಿದರು ಎಂಬ ಲೆಕ್ಕ ಇಡುವುದು ಕೊಲಾಬರೇಶನ್ ಸಾಫ್ಟ್‌ವೇರ್‌ನ ಕೆಲಸ. ಆಟೋಡೆಸ್ಕ್ ಕನ್‌ಸ್ಟ್ರಕ್ಷನ್ ಕ್ಲೌಡ್, ಪ್ರೋಕೋರ್, ಟ್ರಿಂಬಲ್ ಕನೆಕ್ಟ್, ಬ್ಲೂಬೀಮ್ ಇವು ಈ ಕಡೆಯವು. ಒಂದನ್ನು ಕೊಂಡರೆ ಇನ್ನೊಂದರ ಕೆಲಸವೂ ಆಗುತ್ತದೆ ಅಂದುಕೊಂಡು ಎಷ್ಟೋ ಜನ ಮೋಸ ಹೋಗುತ್ತಾರೆ.

ಇರುವ ದುಡ್ಡು ಕಡಿಮೆ. ಯಾವುದಕ್ಕೆ ಮೊದಲು ಹಾಕಲಿ?

ಡ್ರಾಯಿಂಗ್ ತಲುಪುವ ದಾರಿಗೆ. ಯಾಕೆ ಅಂತ ನಮ್ಮ ಆಫೀಸಿನದೇ ಒಂದು ತಪ್ಪಿನಿಂದ ಹೇಳುತ್ತೇನೆ.

40×60 ಸೈಟು. ಕೆಳಗೆ ಪಾರ್ಕಿಂಗ್, ಮೇಲೆ ಮನೆ. ಈಶಾನ್ಯದಲ್ಲಿದ್ದ ಟಾಯ್ಲೆಟ್ಟನ್ನು ವಾಯವ್ಯಕ್ಕೆ ಸರಿಸಿ ಎಂದು ಮನೆಯವರು ಕೇಳಿದರು. ಅದೇ ಸಂಜೆ ಬದಲಿಸಿದೆವು. ಸ್ಲ್ಯಾಬಿನ ಸನ್‌ಕನ್ ಜಾಗವೂ (ಟಾಯ್ಲೆಟ್ಟಿನ ಪೈಪಿಗೆ ಬಿಡುವ ತಗ್ಗು) ಬದಲಾಯಿತು. ಹಳೇ ಫೈಲಿನ ಹೆಸರು 'ಫಸ್ಟ್ ಫ್ಲೋರ್ ಫೈನಲ್', ಹೊಸದರ ಹೆಸರು 'ಫಸ್ಟ್ ಫ್ಲೋರ್ ಫೈನಲ್ ನ್ಯೂ'. ಫೋನಿನ ಗ್ರೂಪಿಗೆ ಹಾಕಿ ಸುಮ್ಮನಾದೆವು. ಮೇಸ್ತ್ರಿಯ ಶೆಡ್ಡಿನ ಗೋಡೆ ಮೇಲೆ ಎರಡು ಮೊಳೆ ಹೊಡೆದು ಹಳೇ ಪ್ರಿಂಟು ಅಂಟಿಸಿತ್ತು. ಸಿಮೆಂಟಿನ ಕೈ ಬಿದ್ದು ಮೂಲೆಯ ತಾರೀಖೂ ಕಾಣುತ್ತಿರಲಿಲ್ಲ. ಬಾರ್ ಬೆಂಡರ್ ಅದನ್ನೇ ನೋಡಿ ಕಂಬಿ ಕಟ್ಟಿದರು. ಭಾನುವಾರ ಕಾಂಕ್ರೀಟ್ ಹಾಕಿದರು. ಸೋಮವಾರ ನಾನು ಹೋಗಿ ನೋಡಿದರೆ ಹಳೇ ಮೂಲೆಯಲ್ಲಿ ಒಂದಡಿ ತಗ್ಗು.

ಆ ತಗ್ಗನ್ನು ತುಂಬಿಸಿದೆವು. ಹೊಸ ಟಾಯ್ಲೆಟ್ಟಿನ ಪೈಪು ಸ್ಲ್ಯಾಬಿನ ಮೇಲೆಯೇ ಹೋಗಬೇಕಾಯಿತು, ನೆಲವನ್ನು ಎರಡು ಮೆಟ್ಟಿಲು ಎತ್ತರಿಸಬೇಕಾಯಿತು. ಆ ಮನೆಯ ಅಜ್ಜಿ ಇವತ್ತಿಗೂ ಗೋಡೆ ಹಿಡಿದುಕೊಂಡು ಆ ಎರಡು ಮೆಟ್ಟಿಲು ಹತ್ತುತ್ತಾರೆ. ನಮ್ಮ ಹೊಸ ಡ್ರಾಯಿಂಗಿನಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಅದು ಶೆಡ್ಡಿನ ಗೋಡೆಗೆ ತಲುಪಲಿಲ್ಲ, ಅಷ್ಟೇ.

ಕೆಳಗೆ ಬರೆದಿರುವ ಎಲ್ಲ ಸಾಫ್ಟ್‌ವೇರನ್ನೂ ನಾನು ಆ ಗೋಡೆಯಿಂದಲೇ ಅಳೆಯುತ್ತೇನೆ.

ಡ್ರಾಫ್ಟಿಂಗಿಗೆ ಆಟೋಕ್ಯಾಡೇ ಆಗಬೇಕಾ?

ಆಗಲೇಬೇಕು ಅಂತಿಲ್ಲ. ಆದರೆ ಡಿಡಬ್ಲ್ಯೂಜಿ, ಅಂದರೆ ಆಟೋಕ್ಯಾಡ್ ಡ್ರಾಯಿಂಗ್ ಉಳಿಸುವ ಫೈಲು ಮಾತ್ರ ಬೇಕೇ ಬೇಕು. ಆಟೋಕ್ಯಾಡ್ 1982ರಲ್ಲಿ ಬಂತು. ಅಂದಿನಿಂದ ಸ್ಟ್ರಕ್ಚರಲ್ ಎಂಜಿನಿಯರು, ಪ್ಲಂಬಿಂಗಿನವರು, ಸರ್ವೆಯವರು, ಕಿಟಕಿ ಮಾಡುವವರು ಎಲ್ಲರೂ ಕೊಟ್ಟು ತೆಗೆದುಕೊಳ್ಳುವುದು ಡಿಡಬ್ಲ್ಯೂಜಿಯಲ್ಲೇ. ನೀವು ಬಳಸುವ ಸಾಫ್ಟ್‌ವೇರ್ ಆ ಫೈಲನ್ನು ಹಾಳು ಮಾಡದೆ ತೆರೆದು, ಹಾಗೇ ಉಳಿಸಬೇಕು. ಅಷ್ಟಾದರೆ ಎದುರಿನವರಿಗೆ ನೀವು ಯಾವುದರಲ್ಲಿ ಬಿಡಿಸಿದಿರಿ ಅಂತ ಗೊತ್ತಾಗುವುದೂ ಇಲ್ಲ.

ಇನ್ನೊಂದು ಸಮಾಧಾನದ ವಿಷಯ. 2018ರ ಆವೃತ್ತಿಯಿಂದ 2025ರ ಆವೃತ್ತಿವರೆಗೂ ಆಟೋಕ್ಯಾಡಿನ ಡಿಡಬ್ಲ್ಯೂಜಿ ಫಾರ್ಮ್ಯಾಟ್ ಒಂದೇ. ಅದಕ್ಕಿಂತ ಹಳೇ ಸಾಫ್ಟ್‌ವೇರ್ ಇಟ್ಟುಕೊಂಡವರಿಗೆ 'ಸೇವ್ ಆ್ಯಸ್' ಕೊಟ್ಟು ಹಳೇ ಫಾರ್ಮ್ಯಾಟಿನಲ್ಲಿ ಕಳಿಸಬಹುದು. ಸುಮ್ನೆ ನೋಡುವುದಕ್ಕೆ, ಆವೃತ್ತಿ ಬದಲಿಸುವುದಕ್ಕೆ ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿಯದೇ ಟ್ರೂವ್ಯೂ ಪುಕ್ಕಟೆ ಸಿಗುತ್ತದೆ.

ಪೂರ್ತಿ ಆಟೋಕ್ಯಾಡ್ ಬೇಕಾ, ಎಲ್‌ಟಿ ಸಾಕಾ?

ಬರೀ ಪ್ಲಾನು, ಸೆಕ್ಷನ್, ಎಲಿವೇಶನ್ ಬಿಡಿಸುವ ಆಫೀಸಿಗೆ ಎಲ್‌ಟಿ ಸಾಕು. ಅದು ಆಟೋಕ್ಯಾಡಿನದೇ ಚಿಕ್ಕ ಆವೃತ್ತಿ, ತ್ರೀಡಿ ಮಾಡೆಲಿಂಗ್ ಇಲ್ಲ. ಮೊದಲು ಲಿಸ್ಪ್ (ಕ್ಯಾಡಿನೊಳಗೆ ಓಡುವ ಚಿಕ್ಕ ಪ್ರೋಗ್ರಾಂ) ಓಡುತ್ತಿರಲಿಲ್ಲ, ಅದೇ ದೊಡ್ಡ ಕೊರತೆಯಾಗಿತ್ತು. 2024ರ ಆವೃತ್ತಿಯಿಂದ ಅದೂ ಬಂದಿದೆ. ಏರಿಯಾ ಟೇಬಲ್ ತಾನೇ ಬರೆಯುವ, ಬಾಗಿಲು ಕಿಟಕಿ ಎಣಿಸುವ ಚಿಕ್ಕ ಚಿಕ್ಕ ಲಿಸ್ಪ್‌ಗಳನ್ನು ನಂಬಿಕೊಂಡವರಿಗೆ ಇದು ದೊಡ್ಡ ಉಪಕಾರ.

ಒಂದು ಲೈಸೆನ್ಸ್ ಕೊಂಡು ಇಬ್ಬರು ಮೂವರು ಬಳಸಬಹುದಾ?

ಆಟೋಡೆಸ್ಕಿನದ್ದಾದರೆ ಇಲ್ಲ. 2016ರಲ್ಲಿ ಅವರು ಒಮ್ಮೆ ಕೊಂಡರೆ ಮುಗಿಯಿತು ಎನ್ನುವ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿದರು. 2020ರಿಂದ ಒಂದು ಆಫೀಸಿಗೆ ಹಂಚಿಕೆಯಾಗುತ್ತಿದ್ದ ನೆಟ್‌ವರ್ಕ್ ಲೈಸೆನ್ಸನ್ನೂ ಹಂತ ಹಂತವಾಗಿ ತೆಗೆದರು. ಈಗ ಒಬ್ಬರ ಹೆಸರಿಗೆ ಒಂದು. ಬೆಳಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು ಅಂತ ಒಂದೇ ಲಾಗಿನ್ ಬಳಸಿದರೆ ಕರಾರು ಮುರಿದಂತೆ. ತಿಂಗಳಿಗೆ ನಾಲ್ಕೈದು ದಿನ ಮಾತ್ರ ತೆರೆಯುವವರು ಇದ್ದರೆ ಫ್ಲೆಕ್ಸ್ ಟೋಕನ್ ಕೇಳಿ ನೋಡಿ. ಬಳಸಿದ ದಿನಕ್ಕಷ್ಟೇ ಲೆಕ್ಕ. ನಮ್ಮಲ್ಲಿ ಸೈಟ್ ನೋಡಿಕೊಳ್ಳುವ ಹುಡುಗನಿಗೆ ಅಂಥದ್ದೇ ಸರಿಹೋಯಿತು.

ಬ್ರಿಕ್ಸ್‌ಕ್ಯಾಡ್, ಜೆಡ್‌ಡಬ್ಲ್ಯೂಕ್ಯಾಡ್ ನಂಬಬಹುದಾ?

ನಂಬಬಹುದು. ಬ್ರಿಕ್ಸ್‌ಕ್ಯಾಡ್ ಬೆಲ್ಜಿಯಂನ ಗೆಂಟ್ ನಗರದ್ದು, 2018ರಲ್ಲಿ ಹೆಕ್ಸಗಾನ್ ಕಂಪನಿ ಅದನ್ನು ಕೊಂಡಿತು. ಜೆಡ್‌ಡಬ್ಲ್ಯೂಕ್ಯಾಡ್ ಚೀನಾದ ಗುವಾಂಗ್‌ಝೌನದ್ದು. ಎರಡೂ ಡಿಡಬ್ಲ್ಯೂಜಿಯಲ್ಲೇ ಕೆಲಸ ಮಾಡುತ್ತವೆ, ಕಮಾಂಡುಗಳೂ ಹೆಚ್ಚುಕಡಿಮೆ ಅವೇ. ಆಟೋಕ್ಯಾಡಿನಲ್ಲಿ ಪಳಗಿದ ಕೈ ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ. ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ಎರಡರಲ್ಲೂ ಇದೆ. ಬ್ರಿಕ್ಸ್‌ಕ್ಯಾಡ್ ಲಿನಕ್ಸ್ ಮೇಲೂ ಓಡುತ್ತದೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಆಫೀಸಿನ ಅತಿ ಕೊಳಕಾದ ಫೈಲು ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ಹತ್ತು ಜನರ ಕೈ ದಾಟಿ ಬಂದದ್ದು, ಸಾವಿರ ಲೇಯರ್ ಇರುವುದು, ಡೈನಾಮಿಕ್ ಬ್ಲಾಕ್ ತುಂಬಿರುವುದು. ಟ್ರಯಲ್ ಆವೃತ್ತಿಯಲ್ಲಿ ಅದನ್ನೇ ತೆರೆಯಿರಿ, ಏನಾದರೂ ಬದಲಿಸಿ ಉಳಿಸಿ, ಸ್ಟ್ರಕ್ಚರಲ್ ಎಂಜಿನಿಯರಿಗೆ ಕಳಿಸಿ. ಅವರ ಕಡೆ ಅಳತೆ, ಹ್ಯಾಚ್, ಅಕ್ಷರ ಎಲ್ಲ ಸರಿಯಾಗಿ ತೆರೆದರೆ ಧೈರ್ಯವಾಗಿ ಕೊಳ್ಳಿ. ಡೀಲರ್ ತೋರಿಸುವ ಚೆಂದದ ಡೆಮೊ ಫೈಲು ಯಾವ ಸಾಫ್ಟ್‌ವೇರಿನಲ್ಲೂ ಚೆನ್ನಾಗಿಯೇ ತೆರೆಯುತ್ತದೆ.

ಪುಕ್ಕಟೆಯದ್ದು ಏನಾದರೂ ಇದೆಯಾ?

ಲಿಬ್ರೆಕ್ಯಾಡ್ ಇದೆ. ಟೂಡಿ ಮಾತ್ರ. ಅದು ಡಿಡಬ್ಲ್ಯೂಜಿಯಲ್ಲಿ ಉಳಿಸುವುದಿಲ್ಲ, ಡಿಎಕ್ಸ್‌ಎಫ್ ಎಂಬ ಬೇರೆ ಫಾರ್ಮ್ಯಾಟಿನ ಫೈಲು ಕೊಡುತ್ತದೆ. ಫ್ರೀಕ್ಯಾಡ್ 2024ರ ನವೆಂಬರಿನಲ್ಲಿ 1.0 ಆವೃತ್ತಿಗೆ ಬಂತು, ಕಟ್ಟಡದ ಮಾಡೆಲ್ ಮಾಡುವ ಭಾಗವೂ ಒಳಗೇ ಇದೆ. ಅಲ್ಲೂ ಡಿಡಬ್ಲ್ಯೂಜಿಗೆ ಬೇರೆ ಕನ್ವರ್ಟರ್ ಹಾಕಿಕೊಳ್ಳಬೇಕು. ಕಲಿಯಲು, ಸ್ವಂತ ಮನೆಯ ಪ್ಲಾನ್ ನೋಡಲು ಒಳ್ಳೆಯದು. ದಿನಾ ನಾಲ್ಕು ಕಡೆ ಫೈಲ್ ಕಳಿಸುವ ಆಫೀಸಿಗೆ ಕಷ್ಟ. ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ ಆಟೋಡೆಸ್ಕ್ ಒಂದು ವರ್ಷದ ಲೈಸೆನ್ಸ್ ಪುಕ್ಕಟೆ ಕೊಡುತ್ತದೆ, ನವೀಕರಿಸಲೂಬಹುದು. ಅದರಲ್ಲಿ ದುಡ್ಡಿನ ಕೆಲಸ ಮಾಡುವಂತಿಲ್ಲ.

ಎಲ್ಲರೂ ಕ್ರ್ಯಾಕ್ ಬಳಸುತ್ತಾರಲ್ಲ?

ದಯವಿಟ್ಟು ಬೇಡ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಇದಕ್ಕೆಂದೇ ಇದೆ. ಕಳ್ಳ ಪ್ರತಿ ಅಂತ ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅದಿರಲಿ, ಕ್ರ್ಯಾಕಿನ ಜೊತೆ ಬರುವ ವೈರಸ್ ನಿಮ್ಮ ಕಂಪ್ಯೂಟರಿನಲ್ಲೇ ನಿಲ್ಲುವುದಿಲ್ಲ. ನೀವು ಕಳಿಸಿದ ಫೋಲ್ಡರಿನ ಜೊತೆ ಎಂಜಿನಿಯರ ಆಫೀಸಿಗೂ ಹೋಗುತ್ತದೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಒಂದು ಎಲ್‌ಟಿ, ಇಲ್ಲಾ ಒಂದು ಶಾಶ್ವತ ಲೈಸೆನ್ಸಿನ ಬೇರೆ ಕ್ಯಾಡ್. ಒಂದು ಮನೆಯ ಫೀಸಿನಲ್ಲಿ ಹೊಂದಿಸಿಕೊಳ್ಳಬಹುದು.

ರೆವಿಟ್‌ಗೆ ಹೋಗಬೇಕಾ? ಎಲ್ಲರೂ ಬಿಮ್ ಬಿಮ್ ಅಂತಾರೆ.

ಬಿಮ್ ಅಂದರೆ ಕಟ್ಟಡವನ್ನು ಬರೀ ಗೆರೆಯಾಗಿ ಬಿಡಿಸದೆ, ವಿವರ ತುಂಬಿದ ಮಾಡೆಲಾಗಿ ಮಾಡುವುದು. ಆಟೋಕ್ಯಾಡಿನಲ್ಲಿ ಗೋಡೆ ಅಂದರೆ ಎರಡು ಗೆರೆ. ರೆವಿಟ್‌ನಲ್ಲಿ ಗೋಡೆ ಅಂದರೆ ಗೋಡೆ. ಅದಕ್ಕೆ ದಪ್ಪ, ಎತ್ತರ, ಪ್ಲಾಸ್ಟರು ಎಲ್ಲ ಇದೆ. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಎಲಿವೇಶನ್ನಿನಲ್ಲೂ ಸೆಕ್ಷನ್ನಿನಲ್ಲೂ ಕಿಟಕಿಯ ಪಟ್ಟಿಯಲ್ಲೂ ತಾನೇ ಸರಿಯುತ್ತದೆ. 'ಪ್ಲಾನಿನಲ್ಲಿ ಬದಲಿಸಿದೆ, ಸೆಕ್ಷನ್ ಮರೆತೆ' ಎನ್ನುವ ತಪ್ಪು ಅಲ್ಲಿಗೇ ನಿಲ್ಲುತ್ತದೆ. ರೆವಿಟ್ 2000ದಲ್ಲಿ ಬೇರೆ ಕಂಪನಿಯಿಂದ ಬಂತು. 2002ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡಿತು.

ಆದರೆ 30×40 ಸೈಟಿನ ಮನೆಗೆ ರೆವಿಟ್ ಬೇಕೇಬೇಕು ಅಂತ ನಾನು ಹೇಳುವುದಿಲ್ಲ. ಮೊದಲ ಎರಡು ಮೂರು ಪ್ರಾಜೆಕ್ಟು ಕ್ಯಾಡಿಗಿಂತ ನಿಧಾನವೇ ಆಗುತ್ತದೆ. ನಮ್ಮ ಬಾಗಿಲು, ನಮ್ಮ ಸಜ್ಜಾ, ನಮ್ಮ ತುಳಸಿಕಟ್ಟೆ ಎಲ್ಲವನ್ನೂ ಒಂದೊಂದಾಗಿ ಫ್ಯಾಮಿಲಿ (ಮತ್ತೆ ಮತ್ತೆ ಬಳಸುವ ರೆವಿಟ್ ವಸ್ತು) ಮಾಡಿಕೊಳ್ಳಬೇಕು. ನಾಲ್ಕು ಮಹಡಿ ದಾಟಿದ ಕಟ್ಟಡ, ಆಸ್ಪತ್ರೆ, ಹೋಟೆಲು ಇಂಥವಕ್ಕೆ ಆ ಶ್ರಮ ವಾಪಸ್ ಬರುತ್ತದೆ.

ಹೊರದೇಶದ ಕೆಲಸ ಹಿಡಿಯುವ ಆಸೆ ಇದ್ದರೆ ಮಾತೇ ಬೇರೆ. ಬ್ರಿಟನ್ನಿನಲ್ಲಿ 2016ರ ಏಪ್ರಿಲಿನಿಂದ ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಬಿಮ್ ಕಡ್ಡಾಯ. ದುಬೈ ನಗರಪಾಲಿಕೆ 2014ರಲ್ಲೇ ದೊಡ್ಡ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ಬೆಂಗಳೂರಿನಲ್ಲಿ ಕೂತು ಆ ಊರುಗಳ ಡ್ರಾಯಿಂಗ್ ಮಾಡುವ ನಮ್ಮ ಹುಡುಗರಿಗೆ ರೆವಿಟ್ ಇಲ್ಲದೆ ಕೆಲಸವೇ ಸಿಗುವುದು ಕಷ್ಟ.

ಆರ್ಕಿಕ್ಯಾಡ್ ಹೇಗೆ?

ಹಂಗೇರಿಯ ಗ್ರಾಫಿಸಾಫ್ಟ್ ಕಂಪನಿಯದು. ಬಿಡಿಸುವ ಆರ್ಕಿಟೆಕ್ಟಿಗೆ ತುಂಬಾ ಹಿತವಾದ ಸಾಫ್ಟ್‌ವೇರ್. ಮ್ಯಾಕ್ ಮೇಲೂ ಓಡುತ್ತದೆ, ರೆವಿಟ್ ವಿಂಡೋಸ್ ಮೇಲೆ ಮಾತ್ರ. ಅದರ ಬಿಮ್‌ಎಕ್ಸ್ ಆ್ಯಪಿನಲ್ಲಿ ಮನೆಯವರು ಫೋನಿನಲ್ಲೇ ತಮ್ಮ ಮನೆಯೊಳಗೆ ಓಡಾಡಬಹುದು. ನಮ್ಮ ಕಡೆಯ ತೊಂದರೆ ಒಂದೇ. ನುರಿತ ಹುಡುಗರು ಸಿಗುವುದು ರೆವಿಟ್‌ಗೆ ಜಾಸ್ತಿ.

ಎಂಜಿನಿಯರ್ ಕಳಿಸಿದ ರೆವಿಟ್ ಫೈಲು ನಮ್ಮಲ್ಲಿ ತೆರೆಯುತ್ತಿಲ್ಲ. ಏನು ಮಾಡಲಿ?

ಅವರದ್ದು ಹೊಸ ಆವೃತ್ತಿ ಇರಬೇಕು. ರೆವಿಟ್‌ನಲ್ಲಿ ಹಿಂದಿನ ಆವೃತ್ತಿಗೆ ಉಳಿಸುವ ದಾರಿಯೇ ಇಲ್ಲ. ಹೊಸದರಲ್ಲಿ ಒಮ್ಮೆ ತೆರೆದು ಉಳಿಸಿದರೆ ಆಯಿತು, ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ. ಪ್ರಾಜೆಕ್ಟ್ ಶುರುವಾಗುವ ದಿನವೇ ಎಲ್ಲರೂ ಕೂತು 'ಈ ಕೆಲಸಕ್ಕೆ ಇಂಥ ವರ್ಷದ ಆವೃತ್ತಿ' ಅಂತ ಬರೆದಿಟ್ಟುಕೊಳ್ಳಿ. ಕೆಲಸ ಮುಗಿಯುವವರೆಗೆ ಯಾರೂ ಮೇಲೆ ಹೋಗುವಂತಿಲ್ಲ.

ಸಾಫ್ಟ್‌ವೇರೇ ಬೇರೆಯಾದರೆ ಐಎಫ್‌ಸಿ ಫೈಲು ಕೇಳಿ. ಅದು ಯಾವ ಕಂಪನಿಗೂ ಸೇರದ ಫಾರ್ಮ್ಯಾಟು, ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನದಂಡ. ಇನ್ನೊಬ್ಬರ ಮಾಡೆಲನ್ನು ಹಿನ್ನೆಲೆಗೆ ಇಟ್ಟುಕೊಂಡು ಹೊಂದಿಸಲು ಚೆನ್ನ. ಅದನ್ನೇ ತೆರೆದು ತಿದ್ದುತ್ತೇನೆ ಅಂದರೆ ಸುಖವಿಲ್ಲ.

ಒಂದೇ ಡ್ರಾಯಿಂಗಿನಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡಬಹುದಾ?

ಆಟೋಕ್ಯಾಡಿನಲ್ಲಿ ಒಂದು ಫೈಲು ಒಬ್ಬರಿಗೆ. ಅವರು ತೆರೆದಿದ್ದಾಗ ಇನ್ನೊಬ್ಬರಿಗೆ ಓದಲು ಮಾತ್ರ ತೆರೆಯುತ್ತದೆ. ದಾರಿ ಅಂದರೆ ಎಕ್ಸ್‌ರೆಫ್, ಅಂದರೆ ಒಂದು ಫೈಲನ್ನು ಇನ್ನೊಂದರೊಳಗೆ ಜೋಡಿಸಿ ತೋರಿಸುವುದು. ಗ್ರಿಡ್ ಮತ್ತು ಕಾಲಂ ಒಂದು ಫೈಲು, ಗೋಡೆ ಒಂದು, ಎಲೆಕ್ಟ್ರಿಕಲ್ ಒಂದು, ಶೀಟು ಇನ್ನೊಂದು. ನಾಲ್ಕು ಜನ ನಾಲ್ಕು ಫೈಲಿನಲ್ಲಿ ಕೂತರೂ ಶೀಟಿನಲ್ಲಿ ಎಲ್ಲ ಒಂದಾಗಿ ಕಾಣುತ್ತದೆ. ಹೊರಗೆ ಕಳಿಸುವಾಗ ಇ-ಟ್ರಾನ್ಸ್‌ಮಿಟ್ ಕಮಾಂಡ್ ಬಳಸಿ. ಎಕ್ಸ್‌ರೆಫ್, ಫಾಂಟ್ ಎಲ್ಲ ಒಂದೇ ಗಂಟಾಗಿ ಹೋಗುತ್ತದೆ. ಇಲ್ಲದಿದ್ದರೆ ಅರ್ಧ ಗೋಡೆ ಮಾಯವಾದ ಪ್ಲಾನು ಎದುರಿನವರಿಗೆ ತಲುಪುತ್ತದೆ.

ರೆವಿಟ್‌ನಲ್ಲಿ ಸೆಂಟ್ರಲ್ ಫೈಲು ಒಂದಿರುತ್ತದೆ, ಎಲ್ಲರೂ ತಮ್ಮ ತಮ್ಮ ಪ್ರತಿಯಲ್ಲಿ ಕೆಲಸ ಮಾಡಿ ಸಿಂಕ್ ಮಾಡುತ್ತಾರೆ. ರೆವಿಟ್ ಎಲ್‌ಟಿಯಲ್ಲಿ ಈ ಸೌಲಭ್ಯ ಇಲ್ಲ, ಕೊಳ್ಳುವ ಮುಂಚೆ ನೆನಪಿಡಿ. ಒಬ್ಬರು ಮೈಸೂರು, ಒಬ್ಬರು ಹುಬ್ಬಳ್ಳಿಯಲ್ಲಿ ಕೂತು ಇದನ್ನೇ ಮಾಡಬೇಕಾದರೆ ಆಟೋಡೆಸ್ಕಿನ ಬಿಮ್ ಕೊಲಾಬರೇಟ್ ಪ್ರೊ ಬೇಕು, ಅದೂ ತಲೆಗೊಂದು. ಆರ್ಕಿಕ್ಯಾಡಿನಲ್ಲಿ ಹೀಗೆ ಒಟ್ಟಿಗೆ ಕೆಲಸ ಮಾಡುವ ಟೀಮ್‌ವರ್ಕ್‌ಗೆ ಬಿಮ್‌ಕ್ಲೌಡ್ ಬೇಸಿಕ್ ಜೊತೆಗೇ ಸಿಗುತ್ತದೆ. ನಿಮ್ಮ ಆಫೀಸಿನ ಒಂದು ಕಂಪ್ಯೂಟರನ್ನೇ ಸರ್ವರ್ ಮಾಡಿಕೊಳ್ಳಬಹುದು. ಸಣ್ಣ ಆಫೀಸಿಗೆ ಇದು ನಿಜಕ್ಕೂ ದೊಡ್ಡ ಉಳಿತಾಯ.

ಬೆಂಗಳೂರಿನಲ್ಲಿ ಹುಟ್ಟಿದ ಸ್ನ್ಯಾಪ್‌ಟ್ರೂಡ್ ಕೂಡ ನೋಡಿ. ಬ್ರೌಸರಿನಲ್ಲೇ ಹಲವರು ಒಟ್ಟಿಗೆ ಮಾಡೆಲ್ ಮಾಡಬಹುದು, ಆಮೇಲೆ ರೆವಿಟ್‌ಗೆ ಕಳಿಸಬಹುದು. ಮೊದಲ ಹಂತದ ಡಿಸೈನಿಗೆ ಚೆನ್ನಾಗಿದೆ. ನಮ್ಮೂರಿನವರು ಇಂಥದ್ದು ಕಟ್ಟಿದ್ದಾರೆ ಅನ್ನುವುದೇ ನನಗೆ ಖುಷಿ.

ಆರ್ಕಿಟೆಕ್ಟ್ ಅಡಿಯಲ್ಲಿ, ಎಂಜಿನಿಯರ್ ಮಿಲಿಮೀಟರಿನಲ್ಲಿ. ಡ್ರಾಯಿಂಗ್ ಹೊಂದುವುದೇ ಇಲ್ಲ!

ಇದು ಸಾಫ್ಟ್‌ವೇರ್ ಬದಲಿಸಿದರೆ ಹೋಗುವ ಕಾಯಿಲೆ ಅಲ್ಲ. ಒಂದು ಅಡಿ ಅಂದರೆ 304.8 ಮಿಮೀ. ಫೈಲಿನ ಯೂನಿಟ್ ಸೆಟ್ಟಿಂಗ್ ತಪ್ಪಿದ್ದರೆ ಎಂಜಿನಿಯರ ಕಾಲಂ ನಿಮ್ಮ ಪ್ಲಾನಿಗೆ ಊರಷ್ಟು ದೊಡ್ಡದಾಗಿ ಬಂದು ಕೂರುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಸರಿಮಾಡುತ್ತೀರಿ.

ಕಾಣದೇ ಹೋಗುವುದು ಸಣ್ಣ ವ್ಯತ್ಯಾಸ. ನೀವು 9 ಇಂಚು ಗೋಡೆ ಅನ್ನುತ್ತೀರಿ. ಲೆಕ್ಕಕ್ಕೆ 228.6 ಮಿಮೀ. ಎಂಜಿನಿಯರು 230 ಎಂದು ಬಿಡಿಸುತ್ತಾರೆ. ಒಂದು ಗೋಡೆಗೆ 1.4 ಮಿಮೀ ಯಾರು ನೋಡುತ್ತಾರೆ? ಆದರೆ ಗೋಡೆಯ ಅಂಚಿನಿಂದ ಅಂಚಿಗೆ ಅಳತೆ ಹಾಕುತ್ತಾ ಹೋದರೆ ಕೊನೆಯ ಕಾಲಂ ಹೊತ್ತಿಗೆ ಎರಡು ಡ್ರಾಯಿಂಗಿನಲ್ಲಿ ಎರಡು ಸಂಖ್ಯೆ. ಮೇಸ್ತ್ರಿ ಫೋನ್ ಮಾಡಿ 'ಸಾರ್, ಯಾವುದು ಹಿಡೀಲಿ?' ಅಂತಾರೆ. ಒಂದೇ ಗ್ರಿಡ್ ಫೈಲು ಮಾಡಿ, ಒಂದೇ ಯೂನಿಟ್ಟಿನಲ್ಲಿ ಮಾಡಿ, ಇಬ್ಬರೂ ಅದನ್ನೇ ಎಕ್ಸ್‌ರೆಫ್ ಆಗಿ ತೆಗೆದುಕೊಳ್ಳಿ. ನಾವು ಮಿಮೀನಲ್ಲಿ ಬಿಡಿಸಿ, ಮನೆಯವರಿಗೆ ಕೊಡುವ ಶೀಟಿನಲ್ಲಿ ಮಾತ್ರ ಅಡಿ ಇಂಚು ತೋರಿಸುತ್ತೇವೆ.

ವಾಟ್ಸಾಪ್ ಗ್ರೂಪ್ ಸಾಲದಾ?

ಮಾತಾಡುವುದಕ್ಕೆ ಸಾಕು. ಮೇಸ್ತ್ರಿ ಫೋಟೋ ಕಳಿಸಲು, 'ನಾಳೆ ಬನ್ನಿ' ಅನ್ನಲು ಅದಕ್ಕಿಂತ ಸುಲಭದ್ದು ಇಲ್ಲ. ಡ್ರಾಯಿಂಗ್ ಇಡುವ ಜಾಗವಾಗಿ ಸಾಲದು. ಹೊಸ ಪಿಡಿಎಫ್ ಹಾಕಿದರೂ ಹಳೆಯದು ಅಲ್ಲೇ ಮೇಲೆ ಕೂತಿರುತ್ತದೆ. ಬೆರಳಿನಲ್ಲಿ ಮೇಲಕ್ಕೆ ಎಳೆದವರಿಗೆ ಯಾವುದು ಸಿಕ್ಕಿತೋ ಅದೇ ಫೈನಲ್. ಹೊಸಬರು ಗ್ರೂಪಿಗೆ ಸೇರಿದರೆ ಹಳೇ ಡ್ರಾಯಿಂಗೆಲ್ಲ ತಾನಾಗಿ ಕಾಣುವುದಿಲ್ಲ.

ಗ್ರೂಪಿಗೆ ಫೈಲು ಹಾಕಬೇಡಿ, ಲಿಂಕು ಹಾಕಿ. ಲಿಂಕು ಹೋಗುವ ಫೋಲ್ಡರಿನಲ್ಲಿ ಚಾಲ್ತಿಯಲ್ಲಿರುವ ರಿವಿಷನ್ ಮಾತ್ರ ಇರಲಿ. ಹಳೆಯದನ್ನು ಬೇರೆ ಫೋಲ್ಡರಿಗೆ ಸರಿಸಿ, ಅಳಿಸಬೇಡಿ. 2018ರಲ್ಲಿ ಬಂದ ಐಎಸ್‌ಒ 19650 ಮಾನದಂಡ ಹೇಳುವುದೂ ಇದನ್ನೇ: ಮಾಡುತ್ತಿರುವುದು, ಹಂಚಿಕೊಂಡದ್ದು, ಕಟ್ಟಲು ಕೊಟ್ಟದ್ದು, ಹಳೆಯದು ಅಂತ ನಾಲ್ಕು ಜಾಗ. ಗೂಗಲ್ ಡ್ರೈವಿನಲ್ಲಿ ನಾಲ್ಕು ಫೋಲ್ಡರ್ ಮಾಡಿದರೂ ಅದರ ಮುಕ್ಕಾಲು ಲಾಭ ಸಿಗುತ್ತದೆ. ಆರು ಜನರ ಆಫೀಸಿಗೆ ಇಲ್ಲಿಂದ ಶುರು ಮಾಡಿ ಅಂತಲೇ ನನ್ನ ಸಲಹೆ.

ಹಾಗಾದರೆ ದುಡ್ಡು ಕೊಟ್ಟು ಕೊಲಾಬರೇಶನ್ ಸಾಫ್ಟ್‌ವೇರ್ ತೆಗೆದುಕೊಳ್ಳುವುದು ಯಾವಾಗ? ಯಾವುದು?

ಒಟ್ಟಿಗೆ ನಾಲ್ಕೈದು ಸೈಟು, ಹೊರಗಿನ ಮೂರು ನಾಲ್ಕು ಸಲಹೆಗಾರರು, ತಿಂಗಳಿಗೆ ಐವತ್ತು ಅರವತ್ತು ಡ್ರಾಯಿಂಗ್ ಬಿಡುಗಡೆ ಆಗುತ್ತಿದ್ದರೆ ಫೋಲ್ಡರ್ ಶಿಸ್ತು ಕೈ ಕೊಡಲು ಶುರುವಾಗುತ್ತದೆ. ಆಗ.

ಬ್ಲೂಬೀಮ್ ಪಿಡಿಎಫ್ ಮೇಲೆ ಕೆಲಸ ಮಾಡುವವರಿಗೆ. ಒಂದೇ ಶೀಟಿನ ಮೇಲೆ ಹಲವರು ಒಟ್ಟಿಗೆ ಕೆಂಪು ಗುರುತು ಹಾಕಬಹುದು. ಹಳೇ ರಿವಿಷನ್ ಮೇಲೆ ಹೊಸದನ್ನು ಇಟ್ಟು ಎಲ್ಲಿ ಬದಲಾಗಿದೆ ಅಂತ ಬಣ್ಣದಲ್ಲಿ ನೋಡಬಹುದು. ಆ ಒಂದು ಸೌಲಭ್ಯ ನಮ್ಮಲ್ಲಿ ಅವತ್ತು ಇದ್ದಿದ್ದರೆ, ಟಾಯ್ಲೆಟ್ ಜರುಗಿದ್ದು ಸೈಟ್ ಎಂಜಿನಿಯರಿಗೆ ಒಂದು ನೋಟಕ್ಕೆ ಕಾಣುತ್ತಿತ್ತು. ಆಟೋಕ್ಯಾಡಿನಲ್ಲೂ 2019ರ ಆವೃತ್ತಿಯಿಂದ ಎರಡು ಡಿಡಬ್ಲ್ಯೂಜಿ ಹೋಲಿಸುವ ಕಮಾಂಡ್ ಇದೆ. ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಆಟೋಡೆಸ್ಕ್ ಕನ್‌ಸ್ಟ್ರಕ್ಷನ್ ಕ್ಲೌಡ್ ರೆವಿಟ್ ಆಫೀಸಿಗೆ ಸಹಜವಾಗಿ ಹೊಂದುತ್ತದೆ. ಅದರ ಡಾಕ್ಸ್ ಭಾಗದಲ್ಲಿ ಒಂದೇ ಹೆಸರಿನ ಹೊಸ ಫೈಲು ಹಾಕಿದರೆ ಹೊಸ ವರ್ಷನ್ ಆಗಿ ಕೂರುತ್ತದೆ, ಹಳೆಯದು ಹಿಂದೆ ಸರಿಯುತ್ತದೆ. ಬಿಲ್ಡ್ ಎಂಬ ಭಾಗದಲ್ಲಿ ಸೈಟಿನ ಡೌಟು, ಒಪ್ಪಿಗೆ, ತಪ್ಪುಗಳ ಪಟ್ಟಿ. 2018ರಲ್ಲಿ ಅವರು ಕೊಂಡ ಪ್ಲಾನ್‌ಗ್ರಿಡ್ ಎಂಬ ಸೈಟ್ ಆ್ಯಪಿನ ಅನುಭವವೆಲ್ಲ ಇದರೊಳಗೆ ಸೇರಿದೆ.

ಪ್ರೋಕೋರ್ 2002ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದು ದೊಡ್ಡ ಕಂಟ್ರಾಕ್ಟರನ ಕಣ್ಣಿನಿಂದ ಮಾಡಿದ ಸಾಫ್ಟ್‌ವೇರ್. ವರ್ಷಕ್ಕೆ ಎಷ್ಟು ರೂಪಾಯಿಯ ಕೆಲಸ ಕಟ್ಟುತ್ತೀರಿ ಎಂಬುದರ ಮೇಲೆ ಬೆಲೆ, ಜನ ಎಷ್ಟಾದರೂ ಸೇರಬಹುದು. ಸಣ್ಣ ಡಿಸೈನ್ ಆಫೀಸು ತಾನಾಗಿ ಕೊಳ್ಳುವಂಥದ್ದಲ್ಲ. ಕಂಟ್ರಾಕ್ಟರು ಕೊಂಡಿದ್ದರೆ ನಿಮ್ಮನ್ನೂ ಒಳಗೆ ಕರೆಯುತ್ತಾರೆ.

ಟ್ರಿಂಬಲ್ ಕನೆಕ್ಟ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ತ್ರೀಡಿ ಮಾಡೆಲ್ ಮಾಡುವ ಸ್ಕೆಚ್‌ಅಪ್ ಮತ್ತು ಟೆಕ್ಲಾ ಎರಡೂ ಟ್ರಿಂಬಲ್ ಮನೆಯವೇ. ನೀವು ಸ್ಕೆಚ್‌ಅಪ್, ನಿಮ್ಮ ಸ್ಟೀಲ್ ಡಿಟೇಲಿಂಗಿನವರು ಟೆಕ್ಲಾ ಬಳಸುತ್ತಿದ್ದರೆ ಇದನ್ನೇ ಮೊದಲು ನೋಡಿ. ಐಎಫ್‌ಸಿ ಮಾಡೆಲುಗಳನ್ನು ಒಂದರ ಮೇಲೊಂದು ಇಟ್ಟು ನೋಡಲು ಹಗುರ.

ಹಾಜರಿ, ಮರಳು ಸಿಮೆಂಟಿನ ಲೆಕ್ಕ, ದಿನದ ಕೆಲಸ ಇಷ್ಟೇ ಬೇಕಾದರೆ ಬೆಂಗಳೂರಿನ ಪವರ್‌ಪ್ಲೇ ತರಹದ ಆ್ಯಪ್ ಸಾಕು. ಅದು ಕಟ್ಟುವವರ ಆ್ಯಪ್.

ಬೀಮ್ ಒಳಗೆ ಪೈಪ್ ಬಂದಿದೆ ಅಂತ ಮೊದಲೇ ಗೊತ್ತಾಗುತ್ತಾ?

ಮೂರೂ ಮಾಡೆಲ್ ಇದ್ದರೆ ಗೊತ್ತಾಗುತ್ತದೆ. ನೇವಿಸ್‌ವರ್ಕ್ಸ್‌ನಂಥ ಸಾಫ್ಟ್‌ವೇರ್ ಆರ್ಕಿಟೆಕ್ಚರ್, ಸ್ಟ್ರಕ್ಚರ್, ಪ್ಲಂಬಿಂಗ್ ಮಾಡೆಲುಗಳನ್ನು ಸೇರಿಸಿ ಎಲ್ಲಿ ಡಿಕ್ಕಿ ಅಂತ ಪಟ್ಟಿ ಕೊಡುತ್ತದೆ. ಮೊದಲ ಸಲ ಸಾವಿರಾರು ಡಿಕ್ಕಿ ಬರುತ್ತದೆ, ಹೆದರಬೇಡಿ. ಗೋಡೆಯೊಳಗಿನ ವೈರಿಂಗ್ ಪೈಪೂ ಡಿಕ್ಕಿ ಅಂತಲೇ ಬರುತ್ತದೆ. ನೀವು ಹುಡುಕಬೇಕಾದದ್ದು 110 ಮಿಮೀ ಸ್ಯಾನಿಟರಿ ಪೈಪು ಬೀಮ್ ತೂರುವ ಜಾಗ. ಟೂಡಿಯಲ್ಲೇ ಕೆಲಸ ಮಾಡುವವರು ಸ್ಟ್ರಕ್ಚರ್ ಪ್ಲಾನ್ ಮೇಲೆ ಪ್ಲಂಬಿಂಗ್ ಪ್ಲಾನ್ ಇಟ್ಟು, ಒಂದೊಂದು ಟಾಯ್ಲೆಟ್ಟಿಗೂ ಬೆರಳಿಟ್ಟು ನೋಡಿ. ಒಂದು ಗಂಟೆಯ ಕೆಲಸ.

ನಗರಪಾಲಿಕೆಗೆ ಆನ್‌ಲೈನ್ ಪ್ಲಾನ್ ಹಾಕುವಾಗ ರಿಜೆಕ್ಟ್ ಆಗುತ್ತಲ್ಲ?

ಅಲ್ಲಿ ನಿಮ್ಮ ಡ್ರಾಯಿಂಗನ್ನು ಮೊದಲು ನೋಡುವುದು ಸಾಫ್ಟ್‌ವೇರ್. ಅದು ಲೇಯರಿನ ಹೆಸರು ಓದಿ, ಮುಚ್ಚಿದ ಪಾಲಿಲೈನಿನ ಏರಿಯಾ ತೆಗೆದು, ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗ), ಎಫ್‌ಎಆರ್ (ಸೈಟಿನ ಏರಿಯಾದ ಎಷ್ಟು ಪಟ್ಟು ಕಟ್ಟಿದ್ದೀರಿ ಎಂಬುದು) ಲೆಕ್ಕ ಹಾಕುತ್ತದೆ. ಸೈಟಿನ ಗಡಿಗೆರೆ ಒಂದು ಮೂಲೆಯಲ್ಲಿ ಕೂದಲಷ್ಟು ತೆರೆದಿದ್ದರೂ ಏರಿಯಾ ಸಿಗುವುದಿಲ್ಲ. ಸಬ್‌ಮಿಶನ್ ಡ್ರಾಯಿಂಗಿಗೆ ಅವರು ಕೊಟ್ಟ ಟೆಂಪ್ಲೇಟಿನಲ್ಲೇ ಪ್ರತ್ಯೇಕ ಫೈಲು ಮಾಡಿ. ಕೆಲಸದ ಡ್ರಾಯಿಂಗನ್ನೇ ತಿರುಚಿ ಹಾಕಲು ಹೋದರೆ ಎರಡೂ ಹಾಳು.

ಡ್ರಾಯಿಂಗಿನಲ್ಲಿ ಕನ್ನಡದಲ್ಲಿ ಬರೆಯಬಹುದಾ?

ಬರೆಯಬಹುದು, ಬರೆಯಲೇಬೇಕು ಅನ್ನುತ್ತೇನೆ. ಕ್ಯಾಡಿನ ಹಳೇ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಕನ್ನಡ ಇಲ್ಲ, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ವಿಂಡೋಸಿನಲ್ಲೇ ಇರುವ ನಿರ್ಮಲಾ ಫಾಂಟು ಆರಿಸಿ ಯೂನಿಕೋಡಿನಲ್ಲಿ ಟೈಪ್ ಮಾಡಿ. ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ಪಿಡಿಎಫ್ ತೆಗೆದು, ಪ್ರಿಂಟ್ ಮಾಡಿ, ಕಣ್ಣಾರೆ ನೋಡಿ. ಸರಿ ಬರದಿದ್ದರೆ ಪಿಡಿಎಫ್ ಮೇಲೆ ಕನ್ನಡದ ಟಿಪ್ಪಣಿ ಸೇರಿಸಿ.

ಎಲ್ಲ ಬರೆಯಬೇಕಿಲ್ಲ. ತಪ್ಪಿದರೆ ಒಡೆಯಬೇಕಾಗುವ ಜಾಗಗಳಲ್ಲಿ ಮಾತ್ರ. 'ಸನ್‌ಕನ್ ಇಲ್ಲಿ ಮಾತ್ರ, 300 ಮಿಮೀ ತಗ್ಗು. ಹಳೇ ಮೂಲೆಯಲ್ಲಿ ಬೇಡ.' ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಸಾಕಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಸೈಟಿನಲ್ಲಿ ನೆಟ್ ಇಲ್ಲ. ಟ್ಯಾಬು ಕೊಟ್ಟರೂ ಮೇಸ್ತ್ರಿ ಪ್ರಿಂಟೇ ಕೇಳ್ತಾರೆ.

ಕೇಳುವುದು ಸರಿಯೇ. ಒದ್ದೆ ಕೈಯಲ್ಲಿ, ಬಿಸಿಲಿನಲ್ಲಿ ಟ್ಯಾಬು ನೋಡುವುದು ಕಷ್ಟ ಅಲ್ವಾ? ಸೈಟ್ ಎಂಜಿನಿಯರಿಗೆ ಟ್ಯಾಬು, ಮೇಸ್ತ್ರಿಗೆ ಪ್ರಿಂಟು. ಆಫ್‌ಲೈನ್ ಇಳಿಸಿಕೊಳ್ಳುವ ಸೌಲಭ್ಯ ಇರುವ ಆ್ಯಪನ್ನೇ ಆರಿಸಿ, ಬೆಳಗ್ಗೆ ಮನೆಯ ವೈಫೈನಲ್ಲಿ ಸಿಂಕ್ ಮಾಡಿಕೊಂಡು ಹೊರಡಲಿ.

ಪ್ರಿಂಟಿನಲ್ಲಿ ಒಂದು ಎಚ್ಚರ. ಎ1 ಶೀಟನ್ನು ಜೆರಾಕ್ಸ್ ಅಂಗಡಿಯಲ್ಲಿ ಎ3ಗೆ ಇಳಿಸಿದರೆ ಉದ್ದ ಅಗಲ ಅರ್ಧ. 1:100 ಎಂದು ಬರೆದದ್ದು ನಿಜದಲ್ಲಿ 1:200. ಸ್ಕೇಲ್ ಇಟ್ಟು ಅಳೆದವನು ಅರ್ಧ ರೂಮು ಕಟ್ಟುತ್ತಾನೆ. ಪ್ರತಿ ಶೀಟಿನಲ್ಲೂ ಸ್ಕೇಲಿನ ಪಟ್ಟಿಯನ್ನು ಬಿಡಿಸಿ, ಅದೂ ಜೊತೆಗೇ ಕುಗ್ಗುತ್ತದೆ. ಬರೆದ ಅಳತೆಯನ್ನೇ ಹಿಡಿಯಲು ಹೇಳಿ.

ಟೈಟಲ್ ಬ್ಲಾಕಿನಲ್ಲಿ (ಶೀಟಿನ ಹೆಸರು, ತಾರೀಖು ಬರೆಯುವ ಚೌಕ) ಆ ಪ್ರಾಜೆಕ್ಟಿನ ಫೋಲ್ಡರಿಗೆ ಹೋಗುವ ಕ್ಯೂಆರ್ ಕೋಡ್ ಹಾಕಿ. ಯುಪಿಐ ಬಂದ ಮೇಲೆ ಅದನ್ನು ಸ್ಕ್ಯಾನ್ ಮಾಡಲು ಯಾರಿಗೂ ಹೇಳಿಕೊಡಬೇಕಿಲ್ಲ.

ನಾಳೆ ಸಾಫ್ಟ್‌ವೇರ್ ಬಿಟ್ಟರೆ ನಮ್ಮ ಡ್ರಾಯಿಂಗ್ ಏನಾಗುತ್ತದೆ?

ಕೊಳ್ಳುವ ದಿನವೇ ಕೇಳಿ. ಚಂದಾ ನಿಂತ ಮೇಲೆ ಎಷ್ಟು ದಿನ ಇಳಿಸಿಕೊಳ್ಳಲು ಬಿಡುತ್ತಾರೆ, ಡೌಟುಗಳ ಪ್ರಶ್ನೋತ್ತರವೂ ಸಿಗುತ್ತದಾ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪ್ರತಿ ಪ್ರಾಜೆಕ್ಟ್ ಮುಗಿದಾಗ ಡಿಡಬ್ಲ್ಯೂಜಿ, ಪಿಡಿಎಫ್, ಮಾಡೆಲಿದ್ದರೆ ಐಎಫ್‌ಸಿ ಮೂರನ್ನೂ ನಿಮ್ಮ ಸ್ವಂತ ಡಿಸ್ಕಿಗೆ ಹಾಕಿ. ಹದಿನೈದು ವರ್ಷದ ನಂತರ ಮೇಲೊಂದು ಮಹಡಿ ಕಟ್ಟಲು ಮನೆಯವರು ನಿಮ್ಮ ಹತ್ತಿರವೇ ಬರುತ್ತಾರೆ.

ಟೀಮಿಗೆ ಹೇಗೆ ಒಗ್ಗಿಸುವುದು? ನಾಲ್ಕು ದಿನ ಬಳಸಿ ಬಿಟ್ಟುಬಿಡುತ್ತಾರೆ.

ಎಲ್ಲ ಪ್ರಾಜೆಕ್ಟಿಗೂ ಒಟ್ಟಿಗೆ ಹಾಕಬೇಡಿ. ಒಂದು ಸೈಟು ಆರಿಸಿ, ಒಬ್ಬರನ್ನು ಜವಾಬ್ದಾರಿ ಮಾಡಿ. ಫೈಲಿನ ಹೆಸರಿನಲ್ಲಿ 'ಫೈನಲ್' ಎಂಬ ಪದವನ್ನೇ ನಿಷೇಧಿಸಿ. ಪ್ರಾಜೆಕ್ಟ್ ಸಂಖ್ಯೆ, ಶೀಟ್ ಸಂಖ್ಯೆ, ಆರ್0, ಆರ್1, ಆರ್2. ಬದಲಾದ ಜಾಗದ ಸುತ್ತ ಮೋಡದ ಗುರುತು, ಪಕ್ಕದಲ್ಲಿ ಏನು ಬದಲಾಯಿತು ಅಂತ ಒಂದು ಸಾಲು.

ನಮ್ಮಲ್ಲಿ ಶನಿವಾರ ಶನಿವಾರ ಒಂದು ಕೆಲಸ ಇದೆ. ಆಫೀಸಿನ ಯಾರಾದರೂ ಒಬ್ಬರು ಚಾಲ್ತಿ ರಿವಿಷನ್ ಪಟ್ಟಿ ಹಿಡಿದು ಸೈಟಿಗೆ ಹೋಗುತ್ತಾರೆ. ಶೆಡ್ಡಿನ ಗೋಡೆಯ ಮೇಲಿರುವ ಪ್ರತಿ ಪ್ರಿಂಟಿನ ಸಂಖ್ಯೆಯನ್ನು ಪಟ್ಟಿಗೆ ತಾಳೆ ನೋಡುತ್ತಾರೆ. ಹಳೆಯದು ಸಿಕ್ಕರೆ ಮೇಸ್ತ್ರಿಯ ಎದುರಿಗೇ ಕಿತ್ತು, ಹೊಸದನ್ನು ಅದೇ ಮೊಳೆಗೆ ಸಿಕ್ಕಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ. ಸಾಫ್ಟ್‌ವೇರ್ ಎರಡು ಸಲ ಬದಲಾಗಿದೆ, ಈ ಶನಿವಾರದ ಕೆಲಸ ನಿಂತಿಲ್ಲ.